ಮಾತು ಬರುವ ತನಕ ಕಾಯಬೇಡಿ: ಆಟಿಸಂ ಮಕ್ಕಳ ಹೆತ್ತವರ ಪ್ರಶ್ನೆ, ಒಬ್ಬ ತಾಯಿಯ ಉತ್ತರ

ಈ ತಿಂಗಳ ಪ್ರಶ್ನೋತ್ತರ ಪೂರ್ತಿ ಆಟಿಸಂ ಬಗ್ಗೆಯೇ. ಆಟಿಸಂ ಅಂದರೆ ಮೆದುಳಿನ ಬೆಳವಣಿಗೆಯಲ್ಲೇ ಇರುವ ಒಂದು ವ್ಯತ್ಯಾಸ, ಮಾತಾಡುವುದು, ಜನರ ಜೊತೆ ಬೆರೆಯುವುದು ಕಷ್ಟ ಆಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪತ್ರ ಬಂದಿವೆ. ಉತ್ತರ ಬರೆಯುತ್ತಿರುವ ನಾನು ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ಬಾಗಲಕೋಟೆ ನವನಗರದಲ್ಲಿರುವ ಒಬ್ಬ ತಾಯಿ. ನನ್ನ ಮಗನಿಗೆ ಈಗ 20 ವರ್ಷ, ಅವನಿಗೆ ಆಟಿಸಂ ಇದೆ. ಬಾಯಿಬಿಟ್ಟು ಮಾತಾಡುವುದು ಕಡಿಮೆ. ಆದರೆ ಏನು ಬೇಕು, ಏನು ಬೇಡ, ಎಲ್ಲಿ ನೋಯುತ್ತಿದೆ, ಯಾರ ಮೇಲೆ ಸಿಟ್ಟು ಬಂದಿದೆ ಅನ್ನುವುದನ್ನೆಲ್ಲ ಚೆನ್ನಾಗಿ ಹೇಳುತ್ತಾನೆ. ಕೆಲವು ಸಲ ಮಾತಲ್ಲಿ, ಕೆಲವು ಸಲ ಚಿತ್ರ ತೋರಿಸಿ, ಕೆಲವು ಸಲ ಮೊಬೈಲ್‌ನಲ್ಲಿ ಟೈಪ್ ಮಾಡಿ. ಅಷ್ಟು ಬಂದ ಮೇಲೆ ನಮ್ಮ ಮನೆಯ ವಾತಾವರಣವೇ ಬದಲಾಯಿತು. ಹಾಗಾಗಿ ಕೆಳಗಿನ ಬಹಳಷ್ಟು ಉತ್ತರ ತಿರುಗಿ ತಿರುಗಿ ಅಲ್ಲಿಗೇ ಬರುತ್ತವೆ. ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಎರಡು ವರ್ಷ ಮೂರು ತಿಂಗಳು. ಒಂದೂ ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆದರೆ ಒಳಗೆ ಬಿಸ್ಕೀಟ್ ಪ್ಯಾಕೆಟ್ ಸಪ್ಪಳ ಆದರೆ ಓಡಿ ಬರುತ್ತಾನೆ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಅತ್ತೆಯವರು ‘ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಗಂಡಹುಡುಗರು ಹಂಗ, ಸುಮ್ನಿರು’ ಅನ್ನುತ್ತಾರೆ. ಮನೆಯವರು ಮೊಬೈಲ್ ಕೊಟ್ಟು ಕೆಡಿಸಿದೆ ಅಂತ ನನ್ನನ್ನೇ ಬೈಯುತ್ತಾರೆ. ಇನ್ನೂ ಆರು ತಿಂಗಳು ನೋಡೋಣವೇ?
(ಒಬ್ಬ ತಾಯಿ, ವಿಜಯಪುರ)

ಉತ್ತರ: ಬೇಡ ತಂಗಿ. ಈ ವಾರವೇ ತೋರಿಸಿ.

ತಡವಾಗಿ ಮಾತು ಕಲಿತು ಆಮೇಲೆ ಸರಿಹೋದ ಮಕ್ಕಳು ಇದ್ದಾರೆ, ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನಗೆ ಮಾತಿಗಿಂತ ಜಾಸ್ತಿ ಕಾಡಿದ್ದು ಬೇರೆ ಎರಡು ಸಂಗತಿ. ಹೆಸರು ಕರೆದರೆ ತಿರುಗದೆ ಇರುವುದು, ಮತ್ತೆ ಬೆರಳು ತೋರಿಸದೆ ನಿಮ್ಮ ಕೈ ಹಿಡಿದು ಎಳೆಯುವುದು. ಮಾತಷ್ಟೇ ತಡವಾದ ಮಗು ಆ ಕೊರತೆಯನ್ನು ಕಣ್ಣಲ್ಲಿ, ಕೈಯಲ್ಲಿ, ಮುಖದಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ವಿಮಾನ ಹೋದರೆ ಬೆರಳು ತೋರಿಸಿ, ನೀವೂ ನೋಡಿದಿರಾ ಅಂತ ನಿಮ್ಮ ಮುಖ ನೋಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಇದು ಬಂದಿರಬೇಕು. ಬಂದಿಲ್ಲ ಅಂದರೆ ಆಟಿಸಂ ಇದ್ದೇ ಇದೆ ಅಂತಲ್ಲ, ಆದರೆ ತಿಳಿದವರು ನೋಡಲೇಬೇಕು.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಿಸ್ಕೀಟ್ ಸಪ್ಪಳಕ್ಕೆ ಬರುತ್ತಾನೆ ಅಂತ ಕಿವಿ ಪೂರ್ತಿ ಸರಿ ಇದೆ ಅನ್ನಲಾಗುವುದಿಲ್ಲ, ಕೆಲವು ಮಕ್ಕಳಿಗೆ ಕೆಲವು ಸದ್ದು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಬೇರಾ ಟೆಸ್ಟ್ ಅನ್ನುತ್ತಾರಲ್ಲ, ಮಗು ಮಲಗಿದಾಗ ತಲೆಗೆ ವೈರ್ ಅಂಟಿಸಿ ಮಾಡುತ್ತಾರೆ, ನೋವಿಲ್ಲ. ಆಮೇಲೆ ಮಕ್ಕಳ ಡಾಕ್ಟರ್. 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, ಅದನ್ನು ಕೇಳಿ ಮಾಡಿಸಿ. ನಿಮ್ಮ ಮಗ ಇನ್ನೂ ಆ ವಯಸ್ಸಿನೊಳಗೇ ಇದ್ದಾನೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರಗಳನ್ನು ಮಾಡಿದ್ದಾರೆ. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಕಂಡುಹಿಡಿಯುವುದಕ್ಕೇ ಇರುವ ಜಾಗ ಅದು. ಜಿಲ್ಲಾಸ್ಪತ್ರೆಗೆ ಹೋದರೆ ಅದರ ಹೆಸರು ಹಿಡಿದೇ ಕೇಳಿ. ದೂರ ಹೋಗಲು ಆಗುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾರೆ. ಅಲ್ಲಿಗೆ ಹೋಗುವ ತನಕ ಸುಮ್ನೆ ಕೂರಬೇಡಿ.

ಮನೆಯಲ್ಲಿ ಇವತ್ತಿಂದಲೇ ಮಾಡಬಹುದಾದ್ದು ಬಹಳ ಇದೆ. ಅವನ ಕಣ್ಣಿನ ಎತ್ತರಕ್ಕೆ ಕೂತು ಮಾತಾಡಿ. ಉದ್ದ ಮಾತು ಬೇಡ. ‘ಹಾಲು ಬೇಕಾ ಪುಟ್ಟಾ, ಬಾ ಕುಡಿ, ಚೆಲ್ಲಬೇಡ’ ಅನ್ನುವ ಬದಲು ಲೋಟ ಎತ್ತಿ ಹಿಡಿದು ‘ಹಾಲು’ ಅನ್ನಿ. ಅಂದು ಸ್ವಲ್ಪ ಹೊತ್ತು ಕಾಯಿರಿ. ಈ ಕಾಯುವುದು ಬಹಳ ಕಷ್ಟ, ಕೈ ತಾನಾಗೇ ಮುಂದೆ ಹೋಗಿಬಿಡುತ್ತದೆ. ಆದರೂ ಕಾಯಿರಿ. ಅವನು ನೋಡಿದರೂ ಸಾಕು, ಕೈ ಚಾಚಿದರೂ ಸಾಕು, ಒಂದು ಸದ್ದು ಮಾಡಿದರೂ ಸಾಕು, ತಕ್ಷಣ ಕೊಡಿ. ತಾನು ಏನೋ ಮಾಡಿದರೆ ಅವ್ವ ತಿಳಿದುಕೊಳ್ಳುತ್ತಾಳೆ ಅಂತ ಅವನಿಗೆ ಗೊತ್ತಾಗಬೇಕು. ಬಿಸ್ಕೀಟನ್ನು ಪೂರ್ತಿ ಪ್ಯಾಕೆಟ್ ಕೊಡಬೇಡಿ, ಒಂದೊಂದೇ ತುಂಡು ಮಾಡಿ ಕೊಡಿ, ಆಗ ಕೇಳುವ ಅವಕಾಶ ಹತ್ತು ಸಲ ಸಿಗುತ್ತದೆ. ಅವನು ಗಾಲಿ ತಿರುಗಿಸುತ್ತಾ ಕೂತರೆ ನೀವೂ ಪಕ್ಕದಲ್ಲಿ ಕೂತು ಇನ್ನೊಂದು ಗಾಲಿ ತಿರುಗಿಸಿ. ಅವನ ಆಟದೊಳಗೆ ನೀವು ಹೋದರೆ ನಿಮ್ಮ ಆಟದೊಳಗೆ ಅವನು ಬರುವುದು ಸುಲಭ.

ಮೊಬೈಲ್ ವಿಷಯ. ಮೊಬೈಲ್‌ನಿಂದ ಆಟಿಸಂ ಬರುವುದಿಲ್ಲ, ಮನೆಯವರಿಗೆ ಇದನ್ನು ಓದಿ ಹೇಳಿ. ಆದರೆ ಮೊಬೈಲ್ ನೋಡುವ ಹೊತ್ತು ನಿಮ್ಮ ಮುಖ ನೋಡುವ ಹೊತ್ತನ್ನು ತಿನ್ನುತ್ತದೆ. ಆ ಕಾರಣಕ್ಕೆ ಕಡಿಮೆ ಮಾಡಿ. ಮತ್ತೆ ಬೈಯುವವರಿಗೂ ಕೆಲಸ ಹಂಚಿ. ಸಂಜೆ ಒಂದು ತಾಸು ಅವರಪ್ಪ ಅವನ ಜೊತೆ ನೆಲದ ಮೇಲೆ ಕೂತು ಆಡಲಿ.

ಪ್ರಶ್ನೆ: ನಾವು ಬೆಳಗಾವಿಯವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಮಗಳಿಗೆ ನಾಲ್ಕು ವರ್ಷ, ಆಟಿಸಂ ಅಂದಿದ್ದಾರೆ. ಇಂಗ್ಲಿಷ್ ಮೀಡಿಯಂ ನರ್ಸರಿಗೆ ಹೋಗುತ್ತಾಳೆ. ಅಲ್ಲಿಯವರು ‘ಮೂರು ಭಾಷೆ ಆಗಿ ಗೊಂದಲ ಆಗಿದೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಅಂದಿದ್ದಾರೆ. ನನ್ನ ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಹೆಂಡತಿಗೂ ಅಷ್ಟಕ್ಕಷ್ಟೇ. ಏನು ಮಾಡಲಿ? ಚಿತ್ರದ ಕಾರ್ಡ್ ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಅಂತಲೂ ಹೇಳುತ್ತಾರೆ, ನಿಜವೇ?
(ಒಬ್ಬ ತಂದೆ, ಬೆಳಗಾವಿ)

ಉತ್ತರ: ತಮ್ಮಾ, ಮನೆಯಲ್ಲಿ ಮರಾಠಿಯೇ ಇರಲಿ. ಈ ಸಲಹೆ ನಮ್ಮ ಭಾಗದಲ್ಲಿ ಬಹಳ ಮನೆಗಳಿಗೆ ಸಿಕ್ಕಿದೆ, ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಎರಡು ಮೂರು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆ ಕೇಳುವ ಆಟಿಸಂ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬೀಳುವುದಿಲ್ಲ ಅಂತಲೇ ಸಂಶೋಧನೆಗಳು ಹೇಳಿವೆ. ಇನ್ನು ಯೋಚನೆ ಮಾಡಿ, ಅಜ್ಜಿ ಬಾಯಿ ಮುಚ್ಚಿಕೊಂಡು ಕೂತರೆ, ತಾಯಿ ತಡವರಿಸುತ್ತಾ ನಾಲ್ಕೇ ಇಂಗ್ಲಿಷ್ ಮಾತಾಡಿದರೆ ಆ ಮಗುವಿಗೆ ದಿನಕ್ಕೆ ಸಿಗುವ ಮಾತೆಷ್ಟು? ಲಾಲಿ ಯಾವ ಭಾಷೆಯಲ್ಲಿ? ಹಬ್ಬಕ್ಕೆ ನಾಲ್ಕು ಜನ ನೆಂಟರು ಬಂದು ನಗುತ್ತಾ ಮಾತಾಡುವಾಗ ಆ ಹುಡುಗಿ ಎಲ್ಲಿ ಕೂರಬೇಕು? ಮೊದಲೇ ಜನರ ಜೊತೆ ಬೆರೆಯುವುದು ಕಷ್ಟ ಇರುವ ಮಗುವಿನಿಂದ ಮನೆಯ ಭಾಷೆಯನ್ನೂ ಕಿತ್ತುಕೊಳ್ಳುವುದು ಸರಿಯಲ್ಲ. ನೀವು ನಿದ್ದೆಗಣ್ಣಲ್ಲೂ ಯಾವ ಭಾಷೆ ಮಾತಾಡುತ್ತೀರೋ ಅದರಲ್ಲೇ ಮಗಳ ಜೊತೆ ಮಾತಾಡಿ. ಓಣಿಯ ಕನ್ನಡ ಓಣಿಯಲ್ಲಿ ಬರುತ್ತದೆ. ನರ್ಸರಿಯವರಿಗೆ ನಿಮ್ಮ ಮನೆಯ ಹತ್ತು ಮುಖ್ಯ ಮಾತು ಬರೆದುಕೊಡಿ. ನೀರು, ಊಟ, ಬಚ್ಚಲು, ನೋವು, ಸಾಕು, ಇವನ್ನು ಮಗಳು ಹೇಗೆ ಹೇಳುತ್ತಾಳೆ ಅಂತ ಅವರೂ ಕಲಿಯಲಿ.

ಚಿತ್ರದ ಕಾರ್ಡ್ ಬಗ್ಗೆ ಹೇಳಿದ್ದು ಕೂಡ ತಪ್ಪು. ಚಿತ್ರ ಕೊಟ್ಟರೆ ಮಾತು ನಿಲ್ಲುವುದಿಲ್ಲ, ಬಹಳ ಮಕ್ಕಳಲ್ಲಿ ಮಾತಿಗೆ ಸಹಾಯವೇ ಆಗುತ್ತದೆ. ನಮ್ಮ ಹುಡುಗ ಮೊದಲ ಮಾತು ಆಡಿದ್ದು ಐದು ವರ್ಷ ದಾಟಿದ ಮೇಲೆ, ಅದೂ ‘ರೊಟ್ಟಿ’ ಚಿತ್ರ ನನ್ನ ಕೈಗಿಡುತ್ತಾ. ಮಾತು ಬಂದೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಬರುವುದಿಲ್ಲ. ಆದರೆ ಹೊಟ್ಟೆ ನೋಯುತ್ತಿದೆ ಅಂತ ಹೇಳಲು ದಾರಿಯೇ ಇಲ್ಲದ ಮಗು ತಲೆ ಗೋಡೆಗೆ ಬಡಿದುಕೊಳ್ಳುತ್ತದೆ. ಆ ದಾರಿ ಯಾವುದಾದರೂ ಸರಿ, ಬೇಗ ಕೊಡಬೇಕು.

ದುಡ್ಡು ಕೊಟ್ಟು ದೊಡ್ಡ ಸೆಟ್ ತರುವ ಅವಶ್ಯಕತೆ ಇಲ್ಲ. ನಿಮ್ಮ ಮನೆಯ ತಾಟು, ನಿಮ್ಮ ಮನೆಯ ತಂಬಿಗೆ, ನಿಮ್ಮ ಮನೆ ಬಚ್ಚಲಿನ ಬಾಗಿಲು, ಇವುಗಳ ಫೋಟೋ ತೆಗೆದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ. ಎರಡರಿಂದ ಶುರು ಮಾಡಿ. ‘ಬೇಡ’, ‘ಸಾಕು’ ಅನ್ನುವ ಕಾರ್ಡ್ ಕೂಡ ಮಾಡಿ. ಬೇಡ ಅನ್ನುವ ಹಕ್ಕು ಮಗುವಿಗೂ ಇದೆ, ಅಲ್ವಾ? ಹೆಣ್ಣುಮಗುವಿಗಂತೂ ಅದು ಬಹಳ ಮುಖ್ಯ.

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾದವಳು. ಅದಕ್ಕೇ ಮಗನಿಗೆ ಹೀಗಾಯಿತು ಅಂತ ಕೆಲವರು, ಬಸುರಿದ್ದಾಗ ಗ್ರಹಣದ ದಿನ ಹೊರಗೆ ಬಂದೆ ಅಂತ ಕೆಲವರು. ಒಂದೂವರೆ ವರ್ಷಕ್ಕೆ ಇಂಜೆಕ್ಷನ್ ಹಾಕಿಸಿದ ಮೇಲೆ ಆಡುತ್ತಿದ್ದ ನಾಲ್ಕು ಮಾತೂ ನಿಂತವು, ಅದಕ್ಕೂ ನನ್ನನ್ನೇ ಅನ್ನುತ್ತಾರೆ. ಎರಡನೆಯದು ಬೇಕು ಅನ್ನಿಸುತ್ತದೆ, ಹೆದರಿಕೆಯೂ ಆಗುತ್ತದೆ.
(ಒಬ್ಬ ತಾಯಿ, ಜಮಖಂಡಿ)

ಉತ್ತರ: ತಂಗಿ, ಗ್ರಹಣಕ್ಕೂ ಆಟಿಸಂಗೂ ಸಂಬಂಧ ಇಲ್ಲ. ಇಂಜೆಕ್ಷನ್‌ಗೂ ಇಲ್ಲ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ಡಾಕ್ಟರ್ 12 ಮಕ್ಕಳನ್ನು ನೋಡಿ ಬರೆದ ಲೇಖನದಿಂದ, ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಈ ಭಯ ಹುಟ್ಟಿತು. ಆ ಲೇಖನವನ್ನು 2010ರಲ್ಲಿ ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯವರೇ ವಾಪಸ್ ಪಡೆದರು, ಆತನ ವೈದ್ಯ ನೋಂದಣಿಯೂ ಹೋಯಿತು. ಆಮೇಲೆ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಸಂಬಂಧ ಕಂಡಿಲ್ಲ. ಮತ್ತೆ ನಿಮ್ಮ ಮಗನಿಗೆ ಆಗಲೇ ಯಾಕೆ ಮಾತು ನಿಂತಿತು? ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಬಂದಿದ್ದ ಮಾತು ಒಂದೂವರೆ ವರ್ಷದ ಆಸುಪಾಸಿನಲ್ಲೇ ಹೋಗುತ್ತದೆ. ನಮ್ಮಲ್ಲಿ ದಡಾರದ ಎರಡನೇ ಡೋಸ್ ಹಾಕುವುದೂ 16ರಿಂದ 24 ತಿಂಗಳಲ್ಲಿ. ಎರಡೂ ಒಂದೇ ಹೊತ್ತಿಗೆ ಬಂದಾಗ ಒಂದರಿಂದ ಇನ್ನೊಂದಾಯಿತು ಅನ್ನಿಸುತ್ತದೆ.

ತಾಯಂದಿರ ಮೇಲೆ ತಪ್ಪು ಹೊರಿಸುವುದು ನಮ್ಮೂರಲ್ಲಿ ಮಾತ್ರ ಇಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಅಮೆರಿಕದಲ್ಲಿ ಮೊದಲ ಸಲ ಆಟಿಸಂ ಬಗ್ಗೆ ವಿವರವಾಗಿ ಬರೆದರು. ಅದಾದ ಮೇಲೆ ಅಲ್ಲಿಯ ದೊಡ್ಡ ದೊಡ್ಡವರೇ ವರ್ಷಾನುಗಟ್ಟಲೆ, ತಾಯಿಗೆ ಮಗುವಿನ ಮೇಲೆ ಪ್ರೀತಿ ಇಲ್ಲದ್ದಕ್ಕೆ ಹೀಗಾಗುತ್ತದೆ ಅಂತ ಹೇಳಿದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು ಅದು ಸುಳ್ಳು, ಇದು ಮೆದುಳಿನ ಬೆಳವಣಿಗೆಯ ವಿಷಯ ಅಂತ ವಾದ ಮಾಡಿದರು. ಅವರೂ ಆಟಿಸಂ ಇದ್ದ ಒಬ್ಬ ಮಗನ ತಂದೆ. ಎಷ್ಟು ತಾಯಂದಿರು ಅಷ್ಟರೊಳಗೆ ಕಣ್ಣೀರು ಹಾಕಿ ಮುಗಿಸಿದ್ದರೋ.

ರಕ್ತಸಂಬಂಧದ ಮದುವೆಯ ವಿಷಯ ಸ್ವಲ್ಪ ಬೇರೆ. ಕೆಲವು ವಂಶವಾಹಿ ಕಾಯಿಲೆಗಳು ಅಂಥ ಮದುವೆಯಲ್ಲಿ ಜಾಸ್ತಿ ಕಾಣಿಸುತ್ತವೆ, ಅವುಗಳಲ್ಲಿ ಕೆಲವದರ ಜೊತೆ ಆಟಿಸಂ ಲಕ್ಷಣ ಇರಬಹುದು. ಆದರೆ ಹೊರಗಿನ ಸಂಬಂಧ ಮಾಡಿದ ಸಾವಿರಾರು ಮನೆಗಳಲ್ಲೂ ಆಟಿಸಂ ಇದೆ, ನಮ್ಮ ಮನೆಯೂ ಅದರಲ್ಲಿ ಒಂದು. ಒಂದು ಮಗುವಿಗೆ ಇದ್ದಾಗ ಅದರ ತಮ್ಮ ಅಥವಾ ತಂಗಿಗೆ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಅಂದರೆ ಐದರಲ್ಲಿ ನಾಲ್ಕು ಮಕ್ಕಳಿಗೆ ಇರುವುದಿಲ್ಲ. ಎರಡನೆಯದಕ್ಕೆ ಮುಂಚೆ ವಂಶವಾಹಿ ಸಲಹೆ ಕೊಡುವ ಡಾಕ್ಟರ್ ಹತ್ತಿರ ಗಂಡ ಹೆಂಡತಿ ಇಬ್ಬರೂ ಹೋಗಿ. ನೀವೊಬ್ಬರೇ ಹೋಗಬೇಡಿ.

ಪ್ರಶ್ನೆ: ಹೋಳಿ ಬಂತೆಂದರೆ ನಮಗೆ ಎದೆ ಡವಡವ. ಊರೆಲ್ಲ ಹಲಗಿ ಬಡಿಯುವಾಗ ಏಳು ವರ್ಷದ ಮಗ ಕಿವಿ ಮುಚ್ಚಿಕೊಂಡು ಚೀರುತ್ತಾನೆ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಸಂತೆಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದಾಗ ಜನ ‘ಎರಡು ಬಾರಿಸ್ರಿ, ಸುಮ್ಮನಾಗ್ತಾನ’ ಅನ್ನುತ್ತಾರೆ. ಹೊಡೆಯಬೇಕೇ?
(ಒಬ್ಬ ತಂದೆ, ಬಾಗಲಕೋಟೆ)

ಉತ್ತರ: ಹೊಡೆಯಬೇಡಿ. ಅವನಿಗೆ ಆಗಲೇ ನೋವಾಗುತ್ತಿದೆ, ಅದಕ್ಕೇ ಚೀರುತ್ತಿರುವುದು.

ನಮಗೆ ಹಬ್ಬ ಅನ್ನಿಸುವ ಸದ್ದು ಅವನಿಗೆ ಕಿವಿಯೊಳಗೆ ಮೊಳೆ ಹೊಡೆದ ಹಾಗೆ ಆಗುತ್ತಿರಬಹುದು. ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ಸದ್ದು, ಬೆಳಕು, ವಾಸನೆ, ಬಟ್ಟೆಯ ಲೇಬಲ್ಲು ಕೂಡ ಜಾಸ್ತಿ ತಾಗುತ್ತವೆ. ಕೆಲವರಿಗೆ ಉಲ್ಟಾ, ಪೆಟ್ಟು ಬಿದ್ದರೂ ಗೊತ್ತಾಗುವುದಿಲ್ಲ. ಆಟಿಕೆ ಬೇಕು ಅಂತ ಹಟ ಮಾಡುವ ಮಗು ಅಳುತ್ತಲೇ ನೀವು ನೋಡುತ್ತಿದ್ದೀರಾ ಅಂತ ಓರೆಗಣ್ಣಲ್ಲಿ ನೋಡುತ್ತದೆ, ಆಟಿಕೆ ಕೊಟ್ಟ ತಕ್ಷಣ ನಿಲ್ಲಿಸುತ್ತದೆ. ನಿಮ್ಮ ಮಗನ ಅಳು ಅದಲ್ಲ. ತಡೆದುಕೊಳ್ಳುವ ಶಕ್ತಿ ಮುಗಿದ ಮೇಲೆ ಬರುವ ಅಳು ಅದು, ಏನು ಕೊಟ್ಟರೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಪ್ರಶ್ನೆ ಕೇಳಬೇಡಿ. ಜನರಿಂದ, ಸದ್ದಿನಿಂದ ದೂರ ಕರೆದುಕೊಂಡು ಹೋಗಿ, ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಂಡು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಗಟ್ಟಿಯಾಗಿ ಅಪ್ಪಿಕೊಂಡರೆ ಕೆಲವರಿಗೆ ಸಮಾಧಾನ, ಕೆಲವರಿಗೆ ಮುಟ್ಟಿದರೇ ಆಗುವುದಿಲ್ಲ. ನಿಮ್ಮ ಮಗ ಯಾವ ತರಹ ಅಂತ ನಿಮಗೇ ಗೊತ್ತಿರುತ್ತದೆ.

ಕೈ ಕಚ್ಚಿಕೊಳ್ಳುವುದು ದಿಢೀರ್ ಅಂತ ಜಾಸ್ತಿಯಾದರೆ, ಸದ್ದು ಇಲ್ಲದಾಗಲೂ ಶುರುವಾದರೆ, ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಎಷ್ಟೋ ಸಲ ಮಲಬದ್ಧತೆಯೇ ಕಾರಣ ಆಗಿರುತ್ತದೆ. ನೋವು ಹೇಳಲು ಬಾರದ ಮಗುವಿನ ವಿಷಯದಲ್ಲಿ ‘ಆಟಿಸಂ ಅಲ್ವಾ, ಹಾಗೇ ಮಾಡುತ್ತಾನೆ’ ಅಂದು ಬಿಟ್ಟುಬಿಡುವುದು ಅಪಾಯ.

ನಮ್ಮೂರಲ್ಲಿ ಹೋಳಿ ಬೇರೆ ಊರಿನ ಹಾಗೆ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಅದಕ್ಕೆ ತಯಾರಿ ಬೇಕು. ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಸಿಗುತ್ತದೆ, ತರಿಸಿ. ಹಬ್ಬಕ್ಕೆ ಬಹಳ ಮುಂಚೆಯೇ ಮನೆಯಲ್ಲಿ ಹಾಕಿ ರೂಢಿ ಮಾಡಿಸಿ, ಆ ದಿನ ಮೊದಲ ಸಲ ಹಾಕಿದರೆ ಕಿತ್ತೆಸೆಯುತ್ತಾನೆ. ಹಲಗಿ ಸದ್ದನ್ನು ಮೊಬೈಲ್‌ನಲ್ಲಿ ಸಣ್ಣಗೆ ಕೇಳಿಸಿ, ನಿಲ್ಲಿಸುವ ಬಟನ್ ಅವನ ಕೈಯಲ್ಲೇ ಕೊಡಿ. ನಿಲ್ಲಿಸುವುದು ತನ್ನ ಕೈಯಲ್ಲಿದೆ ಅಂತಾದಾಗ ಹೆದರಿಕೆ ಬಹಳ ಇಳಿಯುತ್ತದೆ. ಬಣ್ಣದ ದಿನಗಳಲ್ಲಿ ಹಳ್ಳಿಯ ನೆಂಟರ ಮನೆ, ಹೊಲದ ಮನೆ ಇದ್ದರೆ ಅಲ್ಲಿಗೆ ಹೋಗಿಬಿಡಿ, ಅದರಲ್ಲಿ ಸೋಲೇನೂ ಇಲ್ಲ. ಬಾದಾಮಿ ಬನಶಂಕರಿ ಜಾತ್ರೆಗಾಗಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಗಾಗಲಿ ಹೋಗುವ ಆಸೆ ಇದ್ದರೆ ಗದ್ದಲ ಕಡಿಮೆ ಇರುವ ಮುಂಜಾನೆ ಹೋಗಿ ಬೇಗ ಬನ್ನಿ. ಹೋಗುವ ಮುಂಚೆ ಫೋಟೋ ತೋರಿಸಿ ಹೇಳಿ: ಟಂಟಂ, ಗುಡಿ, ಕಾಯಿ ಒಡೆಯುವುದು, ಮನೆ. ಮನೆ ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಅವನು ಉಳಿದದ್ದನ್ನು ತಡೆದುಕೊಳ್ಳುತ್ತಾನೆ.

ಜನರಿಗೆ ‘ಅವನಿಗೆ ಆಟಿಸಂ ಇದೆ, ಸದ್ದು ಆಗುವುದಿಲ್ಲ, ಸ್ವಲ್ಪ ಜಾಗ ಬಿಡ್ರಿ’ ಅಂತ ಮೂರೇ ಮಾತು ಹೇಳಿ ಸಾಕು. ಕೇಳಿ ಜಾಗ ಬಿಡುವವರು ನಾವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಇದ್ದಾರೆ.

ಪ್ರಶ್ನೆ: ಮೊಮ್ಮಗನಿಗೆ ಸ್ಟೆಮ್ ಸೆಲ್ ಮಾಡಿಸಿದರೆ ಪೂರ್ತಿ ಆರಾಮ ಆಗುತ್ತಾನೆ ಅಂತ ಮಗ ಹೊಲ ಮಾರಲು ಹೊರಟಿದ್ದಾನೆ. ಗೋಧಿ, ಹಾಲು ಬಿಡಿಸಬೇಕು ಅಂತಲೂ ಯಾರೋ ಹೇಳಿದ್ದಾರೆ.
(ಒಬ್ಬ ಅಜ್ಜಿ, ಮುಧೋಳ)

ಉತ್ತರ: ಅಮ್ಮಾ, ಹೊಲ ಮಾರಲು ಬಿಡಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆಟಿಸಂ ತೆಗೆದುಹಾಕುವ ಔಷಧಿ ಈ ಜಗತ್ತಿನಲ್ಲಿ ಎಲ್ಲೂ ಇಲ್ಲ. ನಿದ್ದೆ, ಫಿಟ್ಸ್, ವಿಪರೀತ ಸಿಟ್ಟು, ಇವಕ್ಕೆ ಔಷಧಿ ಇವೆ, ಡಾಕ್ಟರ್ ಕೊಟ್ಟರೆ ಹೆದರದೆ ತೆಗೆದುಕೊಳ್ಳಿ. ‘ಗ್ಯಾರಂಟಿ’ ಅಂತ ಹೇಳಿ ಲಕ್ಷಗಟ್ಟಲೆ ಮುಂಗಡ ಕೇಳುವವರ ಹತ್ತಿರ ಹೋಗಬೇಡಿ. ಆ ಹೊಲ ನಾಳೆ ಮೊಮ್ಮಗನ ಅನ್ನಕ್ಕೇ ಬೇಕಾಗುತ್ತದೆ.

ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ಮೊದಲೇ ನಾಲ್ಕೇ ಪದಾರ್ಥ ತಿನ್ನುವ ಮಕ್ಕಳಿವು, ಅದರಲ್ಲಿ ಹಾಲು ಮೊಸರೂ ಕಿತ್ತುಕೊಂಡರೆ ಮೈಗೆ ಹತ್ತುವುದು ಏನು? ಗೋಧಿ ತಿಂದರೆ ನಿಜಕ್ಕೂ ಹೊಟ್ಟೆ ಕೆಡುತ್ತಿದ್ದರೆ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಹೇಗೂ ಜೋಳದ ರೊಟ್ಟಿ ಇದ್ದೇ ಇದೆ, ಅದರಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇರುವುದಿಲ್ಲ. ಹೊಸ ಪಲ್ಯ ಕಲಿಸಬೇಕಾದರೆ ಅವನಿಗೆ ಇಷ್ಟವಾದ ರೊಟ್ಟಿಯ ತಾಟಿನಲ್ಲೇ ಚಿಟಿಕೆಯಷ್ಟು ಇಡಿ, ತಿನ್ನು ಅನ್ನಬೇಡಿ. ಅದು ಅಲ್ಲಿರುವುದೇ ಮೊದಲು ರೂಢಿಯಾಗಲಿ.

ಪ್ರಶ್ನೆ: ನಾವು ಹೊಲದ ಮನೆಯಲ್ಲಿ ಇರುವವರು. ಬಾವಿ ಇದೆ, ಸ್ವಲ್ಪ ದೂರದಲ್ಲಿ ಕೆನಾಲ್ ಇದೆ. ಎಂಟು ವರ್ಷದ ಮಗ ಕಣ್ಣು ತಪ್ಪಿಸಿ ಓಡಿಹೋಗುತ್ತಾನೆ, ಕರೆದರೆ ಓ ಅನ್ನುವುದಿಲ್ಲ. ನನಗೆ ರಾತ್ರಿ ನಿದ್ದೆಯೇ ಇಲ್ಲ.
(ಒಬ್ಬ ತಾಯಿ, ಇಂಡಿ ತಾಲೂಕು)

ಉತ್ತರ: ನಿಮ್ಮ ಪತ್ರಕ್ಕೇ ಮೊದಲು ಉತ್ತರ ಬರೆದೆ, ಪತ್ರಿಕೆ ಬರುವ ತನಕ ಕಾಯದೆ ಅಂಚೆಯಲ್ಲೂ ಕಳಿಸಿದ್ದೇನೆ. ಉಳಿದವರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಆಟಿಸಂ ಮಕ್ಕಳು ಮನೆ ಬಿಟ್ಟು ಹೋದಾಗ ಆಗುವ ಸಾವುಗಳಲ್ಲಿ ನೀರಿಗೆ ಬಿದ್ದು ಆಗುವವೇ ಬಹಳ. ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ನೀರೆಂದರೆ ಜೀವ, ಅಪಾಯ ಅಂತ ಅನ್ನಿಸುವುದಿಲ್ಲ. ನಮಗೂ ಇಲ್ಲಿ ಆಲಮಟ್ಟಿ ಹಿನ್ನೀರಿನದೇ ಚಿಂತೆ ಇತ್ತು.

ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿ ಬೀಗ ಹಾಕಿ. ಬೇರೆ ಯಾವ ಖರ್ಚಿಗಿಂತ ಮುಂಚೆ ಇದು. ಪಾಳುಬಿದ್ದ ಬೋರ್‌ವೆಲ್ ಇದ್ದರೆ ಮುಚ್ಚಿಸಿ. ಬಾಗಿಲಿಗೆ ಅವನ ಕೈಗೆ ಸಿಗದ ಎತ್ತರದಲ್ಲಿ ಚಿಲಕ, ಬಾಗಿಲು ತೆಗೆದರೆ ಸಪ್ಪಳ ಆಗುವ ಹಾಗೆ ಒಂದು ಗಂಟೆ. ಆದರೆ ಬೆಂಕಿ ಬಿದ್ದರೆ ಒಳಗಿನವರು ಹೊರಗೆ ಬರುವಂತೆಯೂ ಇರಲಿ. ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿಯಿರಿ, ಕೊರಳಿಗೆ ಹಾಕಿದ್ದು ಕಿತ್ತು ಬಿಸಾಡುವ ಮಕ್ಕಳೇ ಜಾಸ್ತಿ. ಅಕ್ಕಪಕ್ಕದ ಹೊಲದವರಿಗೆ, ಕಿರಾಣಿ ಅಂಗಡಿಯವರಿಗೆ, ಟಂಟಂ ಓಡಿಸುವವರಿಗೆ ಮಗನ ಫೋಟೋ ತೋರಿಸಿ, ಇವನೊಬ್ಬನೇ ಕಂಡರೆ ಹಿಡಿದು ಕೂರಿಸಿ ಫೋನ್ ಮಾಡ್ರಿ ಅಂತ ಹೇಳಿ. ಮುಚ್ಚಿಟ್ಟರೆ ಯಾರೂ ಹಿಡಿಯುವುದಿಲ್ಲ. ಕಾಣೆಯಾದರೆ ಮೊದಲು ಓಡಬೇಕಾದ್ದು ನೀರಿನ ಕಡೆಗೆ, ಆಮೇಲೆ ಉಳಿದ ಕಡೆ. ಜೊತೆಗೇ 112ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಈಜು ಕಲಿಸುವವರು ಸಿಕ್ಕರೆ ಕಲಿಸಿ.

ಅವನು ಎಲ್ಲಿಗೆ ಓಡುತ್ತಾನೆ, ಯಾವುದರಿಂದ ಓಡುತ್ತಾನೆ ಅಂತ ಗಮನಿಸಿ. ನೀರಿಗೇ ಅಂತಾದರೆ ದಿನಾ ಒಂದು ಹೊತ್ತು ಮನೆಯಲ್ಲೇ ದೊಡ್ಡ ಬುಟ್ಟಿಯಲ್ಲಿ ನೀರಾಟ, ನೀವು ಎದುರಿಗಿದ್ದು. ಅದಕ್ಕೊಂದು ಚಿತ್ರ ಮಾಡಿ ಬಾಗಿಲ ಹತ್ತಿರ ಅಂಟಿಸಿ. ಓಡುವ ಬದಲು ಆ ಚಿತ್ರ ಮುಟ್ಟುವುದನ್ನು ಕಲಿಯುತ್ತಾನೆ. ನಿಧಾನ ಆಗುತ್ತದೆ, ಆದರೂ ಕಲಿಸಿ. ನಿಮ್ಮ ನಿದ್ದೆಗೆ ಮನೆಯ ಇನ್ನೊಬ್ಬರು ಪಾಳಿ ಹಾಕಿಕೊಳ್ಳಲೇಬೇಕು. ಮನಸ್ಸು ಬಹಳ ಭಾರವಾದಾಗ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆ ಶಿಕ್ಷಕಿ. ಎರಡನೇ ತರಗತಿಗೆ ಆಟಿಸಂ ಇರುವ ಹುಡುಗ ಬಂದಿದ್ದಾನೆ. ನನಗೆ ತರಬೇತಿ ಇಲ್ಲ.
(ಇಳಕಲ್)

ಉತ್ತರ: ಅಕ್ಕೋರೇ, ನೀವು ಕೇಳಿದ್ದೇ ನನಗೆ ದೊಡ್ಡ ಸಂತೋಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಗಳಲ್ಲಿ ಆಟಿಸಂ ಒಂದು, ಅವನನ್ನು ಶಾಲೆಗೆ ಸೇರಿಸಿಕೊಳ್ಳುವುದು ಅವನ ಹಕ್ಕು. ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರ ಬಗ್ಗೆ ಕೇಳಿ, ಇಂಥ ಮಕ್ಕಳಿಗೆಂದೇ ತರಬೇತಿ ಆದವರು. ನೀವು ಮಾಡಬಹುದಾದ್ದು: ಕಿಟಕಿ, ಬಾಗಿಲಿನಿಂದ ದೂರ, ನಿಮ್ಮ ಹತ್ತಿರದ ಜಾಗ ಕೊಡಿ, ದಿನಾ ಅದೇ ಜಾಗ. ದಿನದ ಕೆಲಸ ಚಿತ್ರದಲ್ಲಿ ಬರೆದು ಗೋಡೆಗೆ ಹಾಕಿ. ಗಂಟೆ ಹೊಡೆಯುವ ಮುಂಚೆ ಅವನಿಗೆ ಹೇಳಿ. ಎದ್ದು ಹೋಗಬೇಕು ಅನ್ನಿಸಿದರೆ ತೋರಿಸಲು ಒಂದು ಕಾರ್ಡ್ ಕೊಡಿ, ತೋರಿಸಿದಾಗ ಕಳಿಸಿ. ನಿಮ್ಮ ಕಣ್ಣು ನೋಡಿಯೇ ಉತ್ತರ ಕೊಡಬೇಕು ಅಂತ ಒತ್ತಾಯ ಬೇಡ, ಎಷ್ಟೋ ಮಕ್ಕಳು ನೋಡದೇ ಇದ್ದಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಸಮಾಧಾನದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆ ಮಾಡಿ.

ಪ್ರಶ್ನೆ: ವಿಕಲಚೇತನ ಸರ್ಟಿಫಿಕೇಟ್ ಮಾಡಿಸಿದರೆ ಮಗನಿಗೆ ಹಣೆಪಟ್ಟಿ ಹಚ್ಚಿದ ಹಾಗೆ ಅಂತ ಮನೆಯಲ್ಲಿ ಬೇಡ ಅನ್ನುತ್ತಾರೆ. ದೊಡ್ಡ ಮಗಳಿಗೆ ವರ ನೋಡುತ್ತಿದ್ದೇವೆ, ಬೀಗರು ಬಂದಾಗ ಮಗನನ್ನು ಚಿಕ್ಕಪ್ಪನ ಮನೆಗೆ ಕಳಿಸೋಣ ಅನ್ನುತ್ತಾರೆ.
(ಒಬ್ಬ ತಾಯಿ, ಗೋಕಾಕ)

ಉತ್ತರ: ಕಳಿಸಬೇಡಿ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಆಮೇಲೆ ಕೇಳಿಸಿಕೊಳ್ಳಬೇಕಾದವಳು ನಿಮ್ಮ ಮಗಳು. ತಮ್ಮನ ಜೊತೆ ಮಾತಾಡಿಸಿಕೊಂಡು ಚಹಾ ಕುಡಿದು ಹೋಗುವ ಮನೆತನವೇ ಅವಳಿಗೆ ಒಳ್ಳೆಯದು ಅಂತ ನಾನು ನಂಬಿದ್ದೇನೆ. ಮಗಳನ್ನೂ ಕೇಳಿ, ಅವಳಿಗೇನು ಅನ್ನಿಸುತ್ತದೆ ಅಂತ. ಮತ್ತೆ ಮಗನಿಗೂ ಗೊತ್ತಾಗುತ್ತದೆ ತಂಗಿ, ನೆಂಟರು ಬಂದಾಗೆಲ್ಲ ತನ್ನನ್ನು ಕಳಿಸುತ್ತಾರೆ ಅಂತ. ಹೇಳುವುದಿಲ್ಲ ಅಷ್ಟೇ.

ಸರ್ಟಿಫಿಕೇಟ್ ಮಾಡಿಸಿ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಆಸ್ಪತ್ರೆಯಲ್ಲಿ ಪರೀಕ್ಷೆ. ಅಲ್ಲಿ 40 ಅಂಶಗಳ ಒಂದು ಭಾರತೀಯ ಮಾಪನ ಇಟ್ಟುಕೊಂಡು ಅಂಕ ಹಾಕುತ್ತಾರೆ. ಕೆಲವು ಹೆತ್ತವರು ಆ ದಿನ ಮಗು ಚೆನ್ನಾಗಿ ಮಾಡಲಿ ಅಂತ ಹೇಳಿಕೊಟ್ಟು ಕರೆದೊಯ್ಯುತ್ತಾರೆ. ಬೇಡ. ಮನೆಯಲ್ಲಿ ಕಷ್ಟದ ದಿನ ಹೇಗಿರುತ್ತದೆ ಅಂತ ಬರೆದುಕೊಂಡು ಹೋಗಿ ಹೇಳಿ, ಒಂದೆರಡು ವಿಡಿಯೋ ಇಟ್ಟುಕೊಂಡಿರಿ. ಶೇಕಡಾ 40 ಮತ್ತು ಮೇಲೆ ಬಂದರೆ ಹೆಚ್ಚಿನ ಸೌಲಭ್ಯ ಸಿಗುತ್ತವೆ. 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕು, ಮಾಸಾಶನ, ಬಸ್ ಪಾಸ್, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. ಪ್ರತಿ ವರ್ಷ ನವೀಕರಿಸಲು ಮರೆಯಬೇಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಹಾಕಿಸುವುದು ಅವರ ಕೆಲಸವೇ.

ಪ್ರಶ್ನೆ: ಮಗನಿಗೆ 17 ತುಂಬಿತು. ನಾವಿಬ್ಬರೂ ಹೋದ ಮೇಲೆ ಯಾರು ನೋಡುತ್ತಾರೆ ಅನ್ನುವುದೊಂದೇ ಯೋಚನೆ. ಅಣ್ಣನ ಮಗ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಈಗ ಏನು ಮಾಡಿಡಬೇಕು?
(ಒಬ್ಬ ತಂದೆ, ಬೆಳಗಾವಿ ಜಿಲ್ಲೆ)

ಉತ್ತರ: ಅಣ್ಣಾ, ನನ್ನದೂ ಅದೇ ಯೋಚನೆ. ಕಾಗದದ ಕೆಲಸ ಮೊದಲು ಹೇಳುತ್ತೇನೆ. 18 ತುಂಬಿದ ದಿನದಿಂದ ತಂದೆ ತಾಯಿ ಕೂಡ ಕಾನೂನಿನ ಪ್ರಕಾರ ತಾನಾಗಿ ಪೋಷಕರಾಗಿ, ಅಂದರೆ ಮಗನ ಪರವಾಗಿ ನಿರ್ಧಾರ ಮಾಡುವವರಾಗಿ, ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ, ಅದರ ಮುಖ್ಯಸ್ಥರು ಜಿಲ್ಲಾಧಿಕಾರಿ. ಪೋಷಕತ್ವಕ್ಕೆ ಅಲ್ಲಿ ಅರ್ಜಿ ಹಾಕಬೇಕು, ಕೋರ್ಟಿಗೆ ಅಲೆಯಬೇಕಿಲ್ಲ. ಮಗನಿಗೆ ಪೋಷಕರು ನಿಜಕ್ಕೂ ಬೇಕೇ, ಯಾವ ವಿಷಯಕ್ಕೆ ಬೇಕು ಅಂತ ಸಮಿತಿ ನೋಡುತ್ತದೆ. ನೀವು ಸರ್ಕಾರಿ ನೌಕರರಾಗಿದ್ದರೆ ಕುಟುಂಬ ಪಿಂಚಣಿಗೆ ಮಗನ ಹೆಸರು ಸೇರಿಸುವ ಬಗ್ಗೆ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಆಸ್ತಿ ಇದ್ದರೆ ವಕೀಲರ ಹತ್ತಿರ ವಿಲ್ ಅಥವಾ ಟ್ರಸ್ಟ್ ಬಗ್ಗೆ ಮಾತಾಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಆದಾಯ ತೆರಿಗೆಯಲ್ಲಿ ಇಷ್ಟು ವರ್ಷ ವಿನಾಯಿತಿ ಪಡೆಯದಿದ್ದರೆ 80ಡಿಡಿ ಅನ್ನುವ ಹೆಸರಿನಿಂದ ಗೊತ್ತಿರುವ, ವಿಕಲಚೇತನರನ್ನು ನೋಡಿಕೊಳ್ಳುವವರಿಗೆ ಇರುವ ವಿನಾಯಿತಿ ಬಗ್ಗೆ ಆಡಿಟರ್‌ಗೆ ಕೇಳಿ.

ಅಣ್ಣನ ಮಗನ ಮನಸ್ಸು ದೊಡ್ಡದು. ಆದರೆ ಅವನೊಬ್ಬನ ಮೇಲೆ ಎಲ್ಲಾ ಹಾಕಬೇಡಿ, ಇನ್ನಿಬ್ಬರನ್ನು ಜೊತೆ ಸೇರಿಸಿ. ನೀವು ಇರುವಾಗಲೇ ಮಗ ಅವರ ಮನೆಯಲ್ಲಿ ವಾರಗಟ್ಟಲೆ ಉಳಿದು ಬರಲಿ. ನಿಮ್ಮಿಬ್ಬರಿಗೇ ಗೊತ್ತಿರುವುದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಯಾವ ಸದ್ದು ಆಗುವುದಿಲ್ಲ, ಯಾವ ಮಾತ್ರೆ, ಹೊಟ್ಟೆ ನೋವಾದರೆ ಏನು ಮಾಡುತ್ತಾನೆ, ಯಾವ ಚಿತ್ರಕ್ಕೆ ಏನರ್ಥ. ಬಟ್ಟೆ ಒಗೆಯುವುದು, ಚಹಾ ಮಾಡುವುದು, ಬೀಗ ಹಾಕುವುದು, ಅಂಗಡಿಯಿಂದ ಒಂದು ಸಾಮಾನು ತರುವುದು, ಇವು ಬರದಿದ್ದರೆ ಈಗಿನಿಂದ ಕಲಿಸಿ. ಗಡ್ಡ ಬಂದ ಮೇಲೂ ಕಲಿಯುತ್ತಾರೆ, ನಮ್ಮ ಹುಡುಗ ಜೋಳದ ಹಿಟ್ಟು ಹದ ಮಾಡಿ ಕೊಡುವುದನ್ನು ಕಲಿತದ್ದು ಕಳೆದ ವರ್ಷ.

ಅರ್ಜಿ ಹಾಕುವ ಮುಂಚೆ ಮಗನನ್ನು ಕೇಳಿ. ಮೂರೂ ಮನೆಯ ಫೋಟೋ, ಆ ಮನೆಯವರ ಫೋಟೋ ಅವನ ಮುಂದೆ ಇಡಿ, ಯಾರ ಜೊತೆ ಇರುತ್ತೀ ಅಂತ. ಒಂದೇ ಸಲ ಕೇಳಿ ಬಿಡಬೇಡಿ, ಬೇರೆ ಬೇರೆ ದಿನ, ಫೋಟೋ ಜಾಗ ಬದಲಾಯಿಸಿ ಕೇಳಿ. ಒಂದನ್ನೇ ಪದೇ ಪದೇ ಎತ್ತಿಕೊಂಡರೆ ಅದನ್ನು ನೋಟ್‌ಬುಕ್‌ನಲ್ಲಿ ಬರೆದು ಸಮಿತಿಯ ಮುಂದೆಯೂ ಹೇಳಿ.